ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್: ಯಾವುದು ಯಾರಿಗೆ?

ಮಾತ್ರೆಗಳಿಂದ ಸಕ್ಕರೆ ಹತೋಟಿಗೆ ಬರುತ್ತಿಲ್ಲ, ರಾತ್ರಿ ಮಲಗುವ ಮುನ್ನ ಒಂದು ಇನ್ಸುಲಿನ್ ಶುರು ಮಾಡೋಣ ಎಂದು ವೈದ್ಯರು ಹೇಳಿದಾಗ ಮನೆಯವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ: ಚುಚ್ಚಿಕೊಂಡರೆ ನೋಯುತ್ತದೆಯೇ, ಇದನ್ನು ಜೀವನಪೂರ್ತಿ ತೆಗೆದುಕೊಳ್ಳಬೇಕೇ. ಯಾವ ಇನ್ಸುಲಿನ್, ಅದನ್ನೇ ಏಕೆ ಎಂಬ ಮೂರನೆಯ ಪ್ರಶ್ನೆ ಹುಟ್ಟುವುದು ಔಷಧದಂಗಡಿಯವರು ಬಿಲ್ಲನ್ನು ಕೈಗಿಟ್ಟಾಗ. ನನ್ನ ತಾಯಿ ಕಳೆದ ಹನ್ನೊಂದು ವರ್ಷಗಳಲ್ಲಿ ಇಂಥ ಮೂರು ಬಗೆಯ ಇನ್ಸುಲಿನ್ ಬಳಸಿದ್ದಾರೆ. ಮೂರನ್ನೂ ತಂದು, ಫ್ರಿಜ್ಜಿನಲ್ಲಿಟ್ಟು, ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದಿಟ್ಟವನು ನಾನು. ನಾನು ವೈದ್ಯನಲ್ಲ, ಡೋಸ್ ನಿರ್ಧರಿಸುವ ಕೆಲಸ ವೈದ್ಯರದೇ. ಆದರೆ ಅವರ ಮುಂದೆ ಕುಳಿತಾಗ ಏನು ಕೇಳಬೇಕು, ಮನೆಯ ಯಾವ ಸಂಗತಿಯನ್ನು ಮುಚ್ಚಿಡದೆ ಹೇಳಬೇಕು ಎಂಬುದು ಗೊತ್ತಿದ್ದರೆ ಅರ್ಧ ಗೊಂದಲ ಅಲ್ಲಿಯೇ ಪರಿಹಾರವಾಗುತ್ತದೆ. ನಮ್ಮ ಮನೆಯಲ್ಲಿ ಆಯ್ಕೆಯನ್ನು ಕೊನೆಗೂ ತೀರ್ಮಾನಿಸಿದ್ದು ಮೂರು ಸಂಗತಿಗಳು: ಬೆಳಗಿನ ಜಾವ ಮೂರು ಗಂಟೆಯ ಶುಗರ್, ಊಟದ ಹೊತ್ತು, ಮತ್ತು ತಿಂಗಳ ಕೊನೆಯ ವಾರದಲ್ಲೂ ಅದೇ ಔಷಧವನ್ನು ಕೊಳ್ಳುವ ಶಕ್ತಿ.

ಏನನ್ನೂ ತಿನ್ನದೆ ಮಲಗಿದರೂ ಬೆಳಿಗ್ಗೆ ಸಕ್ಕರೆ ಏರಿರುವುದು ಹಲವರಿಗೆ ಒಗಟಾಗಿ ಕಾಣುತ್ತದೆ. ಮಿದುಳಿಗೂ ಹೃದಯಕ್ಕೂ ರಾತ್ರಿಯೆಲ್ಲ ಇಂಧನ ಬೇಕಾದ್ದರಿಂದ ಲಿವರ್ ತನ್ನಲ್ಲಿರುವ ಗ್ಲೂಕೋಸನ್ನು ಸ್ವಲ್ಪಸ್ವಲ್ಪವಾಗಿ ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಆರೋಗ್ಯವಂತರಲ್ಲಿ ಮೇದೋಜೀರಕ ಗ್ರಂಥಿಯಿಂದ ಸಣ್ಣಗೆ ಒಸರುವ ಇನ್ಸುಲಿನ್ ಅದಕ್ಕೆ ಕಡಿವಾಣ ಹಾಕಿರುತ್ತದೆ. ಈ ಸಣ್ಣ ಒಸರಿಗೆ ಬದಲಾಗಿ ಕೊಡುವುದೇ ದೀರ್ಘಕಾಲದ ಇನ್ಸುಲಿನ್. ವೈದ್ಯರ ಮಾತಿನಲ್ಲಿ ಬೇಸಲ್ ಇನ್ಸುಲಿನ್. ಅದು ಮುದ್ದೆ, ಅನ್ನ, ಹಬ್ಬದ ಹೋಳಿಗೆಯನ್ನು ಅರಗಿಸಲು ಇರುವುದಲ್ಲ. ಅದನ್ನು ಅಳೆಯಬೇಕಾದದ್ದು ಬೆಳಗಿನ ಖಾಲಿ ಹೊಟ್ಟೆಯ ಅಂಕಿಯಿಂದ. ಸಾಮಾನ್ಯವಾಗಿ 80ರಿಂದ 130ರ ಒಳಗೆ ಎಂಬುದು ಗುರಿ, ಇಳಿವಯಸ್ಸಿನವರಿಗೆ ವೈದ್ಯರು ಇದನ್ನು ಸಡಿಲಿಸುತ್ತಾರೆ. ಮೇದೋಜೀರಕ ಗ್ರಂಥಿ ಇನ್ಸುಲಿನ್ ತಯಾರಿಸುವುದನ್ನೇ ಬಹುಮಟ್ಟಿಗೆ ನಿಲ್ಲಿಸಿರುವ ಟೈಪ್ 1 ಮಧುಮೇಹದವರಿಗೆ ಇದು ಅನ್ನನೀರಿನಷ್ಟೇ ಅಗತ್ಯ: ಜ್ವರ ಬಂದು ಏನನ್ನೂ ತಿನ್ನಲಾಗದ ದಿನವೂ ಬೇಸಲ್ ಇನ್ಸುಲಿನ್ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ರಕ್ತ ಆಮ್ಲೀಯವಾಗುವ ಕೀಟೋಆಸಿಡೋಸಿಸ್ ಪ್ರಾಣಕ್ಕೆ ಕುತ್ತು ತರುತ್ತದೆ. ಟೈಪ್ 2ರಲ್ಲಿ ಇದನ್ನು ಮಾತ್ರೆಗಳ ಜೊತೆಗೆ ಸೇರಿಸುತ್ತಾರೆ, ಸಾಮಾನ್ಯವಾಗಿ ದಿನಕ್ಕೆ 10 ಯೂನಿಟ್ಟಿನಿಂದಲೋ ದೇಹತೂಕದ ಪ್ರತಿ ಕೆಜಿಗೆ 0.1ರಿಂದ 0.2 ಯೂನಿಟ್ಟಿನ ಲೆಕ್ಕದಲ್ಲೋ ಆರಂಭಿಸುತ್ತಾರೆ.

ಎನ್‌ಪಿಎಚ್: ಬೆಳ್ಳಗಿನ ಬಾಟಲಿ

ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಹಾಗೆಡೋರ್ನ್ ಮತ್ತು ಅವರ ಸಂಗಡಿಗರು ಇನ್ಸುಲಿನ್ನಿಗೆ ಪ್ರೊಟಮಿನ್ ಎಂಬ ಪ್ರೋಟೀನನ್ನು ಬೆರೆಸಿ ಅದು ಚರ್ಮದಡಿಯಿಂದ ನಿಧಾನವಾಗಿ ರಕ್ತ ಸೇರುವಂತೆ ಮಾಡಿದರು. 1946ರಲ್ಲಿ ರೂಪುಗೊಂಡ ಎನ್‌ಪಿಎಚ್ ಇಂದಿಗೂ ಚಲಾವಣೆಯಲ್ಲಿದೆ. ಹ್ಯೂಮಿನ್ಸುಲಿನ್ ಎನ್, ಇನ್ಸುಲಟಾರ್ಡ್, ಇನ್ಸುಜೆನ್ ಎನ್ ಮುಂತಾದ ಹೆಸರುಗಳಲ್ಲಿ ದೊರೆಯುವುದು ಇದೇ. ಹೆಸರಿನ ಕೊನೆಯ ಅಕ್ಷರವನ್ನು ಅಂಗಡಿಯಲ್ಲೇ ನಿಂತು ಓದಿ: ‘ಎನ್’ ಎಂದರೆ ಎನ್‌ಪಿಎಚ್, ‘ಆರ್’ ಎಂದರೆ ಊಟಕ್ಕೆ ಮುನ್ನ ಕೊಡುವ ರೆಗ್ಯುಲರ್, ‘30/70’ ಎಂದರೆ ಎರಡರ ಮಿಶ್ರಣ. ಒಂದೇ ಕಂಪನಿಯ ಮೂರು ಡಬ್ಬಿಗಳು ಅಕ್ಕಪಕ್ಕ ಇಟ್ಟರೆ ಅಕ್ಕತಂಗಿಯರಂತೆ ಕಾಣುತ್ತವೆ.

ಎನ್‌ಪಿಎಚ್ ತಿಳಿಯಾಗಿರುವುದಿಲ್ಲ. ಸ್ವಲ್ಪ ಹೊತ್ತು ನಿಲ್ಲಿಸಿದರೆ ಬಿಳಿಯ ಗಸಿ ಕೆಳಗೆ ಕೂತು ಮೇಲೆ ನೀರು ನಿಲ್ಲುತ್ತದೆ. ಅಮ್ಮ ಬಾಟಲಿಯನ್ನು ಎರಡು ಅಂಗೈಗಳ ನಡುವೆ ಇಟ್ಟುಕೊಂಡು ದೀಪದ ಬತ್ತಿ ಹೊಸೆಯುವಂತೆ ಹೊಸೆಯುತ್ತಿದ್ದರು. ಹತ್ತು ಸಲ ಹೊಸೆದು, ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಿದ ಮೇಲೆ ಅದು ಹಾಲಿನಂತೆ ಏಕರೂಪವಾಗುತ್ತಿತ್ತು. ಆತುರದಲ್ಲಿ ಈ ಕೆಲಸ ತಪ್ಪಿಸಿದ ದಿನ ಅದೇ 14 ಯೂನಿಟ್ ಒಂದು ರಾತ್ರಿ ಬಲವಾಗಿಯೂ ಮರುದಿನ ಬಲಹೀನವಾಗಿಯೂ ವರ್ತಿಸುತ್ತಿತ್ತು. ಜೋರಾಗಿ ಕುಲುಕಬಾರದು, ಹೊಸೆದ ಮೇಲೂ ಗಂಟುಗಂಟಾಗಿ ಉಳಿದರೆ ಆ ಬಾಟಲಿಯನ್ನು ಎಸೆಯಬೇಕು.

ಇದರ ನಿಜವಾದ ಸಮಸ್ಯೆ ಏರುವ ತುದಿ. ಚುಚ್ಚಿದ ನಾಲ್ಕರಿಂದ ಹತ್ತು ಗಂಟೆಗಳ ನಡುವೆ ಅದರ ಪ್ರಭಾವ ಉತ್ತುಂಗಕ್ಕೇರುತ್ತದೆ, ಹನ್ನೆರಡರಿಂದ ಹದಿನೆಂಟು ಗಂಟೆಗಳೊಳಗೆ ಕುಗ್ಗುತ್ತದೆ. ರಾತ್ರಿ ಹತ್ತಕ್ಕೆ ಚುಚ್ಚಿದವರಿಗೆ ಆ ತುದಿ ಬರುವುದು ಎರಡು ಗಂಟೆಯ ನಂತರ, ಮನೆಯವರೆಲ್ಲ ಗಾಢನಿದ್ರೆಯಲ್ಲಿರುವಾಗ. ನಮ್ಮಲ್ಲಿ ಒಂದು ರಾತ್ರಿ ಅಮ್ಮ ಎದ್ದು ಕೂತು ಯಾರನ್ನೋ ಬೈಯುತ್ತಿದ್ದರು. ರವಿಕೆ ಬೆವರಿನಿಂದ ತೊಯ್ದಿತ್ತು, ಕೈ ನಡುಗುತ್ತಿತ್ತು, ಗ್ಲುಕೋಮೀಟರ್ 54 ತೋರಿಸಿತು. ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ ಹದಿನೈದು ನಿಮಿಷ ಕಾದು ಮತ್ತೆ ನೋಡಿದಾಗ 81. ಕೆಟ್ಟ ಕನಸು ಬಿದ್ದಿತ್ತು ಎಂದು ಅವರು ಹಿಂದಿನ ವಾರ ಎರಡು ಸಲ ಹೇಳಿದ್ದನ್ನು ನಾವು ಕನಸೆಂದೇ ನಂಬಿದ್ದೆವು. ಆ ದಿನ ಅವರು ಸಂಜೆ ಏಳಕ್ಕೇ ಊಟ ಮುಗಿಸಿದ್ದರು, ಮಲಗುವಾಗಿನ ಹಾಲನ್ನು ಬಿಟ್ಟಿದ್ದರು.

ಹೀಗಿದ್ದರೂ ಎನ್‌ಪಿಎಚ್ ಹಳೆಯದೆಂದು ತಳ್ಳಿಹಾಕುವುದು ತಪ್ಪು. ಬೆಲೆಯಲ್ಲಿ ಇದಕ್ಕೆ ಸಾಟಿಯಿಲ್ಲ, ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಗುವ ಸಾಧ್ಯತೆಯೂ ಇದಕ್ಕೇ ಹೆಚ್ಚು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಸುಮಾರು 25 ಸಾವಿರ ಟೈಪ್ 2 ರೋಗಿಗಳ ದಾಖಲೆಗಳನ್ನು ನೋಡಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಕ್ಕರೆ ಕುಸಿದು ಆಸ್ಪತ್ರೆಗೆ ಓಡಬೇಕಾದ ಪ್ರಸಂಗಗಳು ಹೊಸ ಬೇಸಲ್ ಇನ್ಸುಲಿನ್ ಆರಂಭಿಸಿದವರಲ್ಲಿ ಎನ್‌ಪಿಎಚ್ ಆರಂಭಿಸಿದವರಿಗಿಂತ ಕಡಿಮೆಯಾಗಿರಲಿಲ್ಲ. ರಾತ್ರಿಯ ಸಣ್ಣಪುಟ್ಟ ಕುಸಿತಗಳು ಹೊಸವುಗಳಲ್ಲಿ ಕಡಿಮೆ ಎಂಬುದು ಬೇರೆ ಪ್ರಯೋಗಗಳಿಂದ ಸ್ಪಷ್ಟವಾಗಿದೆ, ಆದರೆ ಆ ಲಾಭ ಎಲ್ಲರಿಗೂ ಒಂದೇ ಅಳತೆಯಲ್ಲಿ ದಕ್ಕುವುದಿಲ್ಲ. ಉಬ್ಬಸಕ್ಕೋ ಕೀಲುನೋವಿಗೋ ಬೆಳಿಗ್ಗೆ ಸ್ಟೀರಾಯ್ಡ್ ಮಾತ್ರೆ ನುಂಗುವವರಿಗೆ ಮಧ್ಯಾಹ್ನದಿಂದ ಸಂಜೆಯವರೆಗೆ ಸಕ್ಕರೆ ಏರುತ್ತದೆ. ಬೆಳಿಗ್ಗೆ ಚುಚ್ಚಿದ ಎನ್‌ಪಿಎಚ್‌ನ ತುದಿ ಸರಿಯಾಗಿ ಆ ಹೊತ್ತಿಗೇ ಬರುವುದರಿಂದ ಬೇರೆಡೆ ದೋಷವಾಗಿದ್ದದ್ದು ಇಲ್ಲಿ ಗುಣವಾಗುತ್ತದೆ. ಗರ್ಭಿಣಿಯರಲ್ಲಿಯೂ ಇದರ ಬಳಕೆಯ ಅನುಭವ ದಶಕಗಳದು.

ಗ್ಲಾರ್ಜಿನ್

ಗ್ಲಾರ್ಜಿನ್ ತಯಾರಿಕೆಯ ಹಿಂದಿನ ಯುಕ್ತಿ ಸರಳವಾದರೂ ಸೊಗಸಾದದ್ದು. ಇನ್ಸುಲಿನ್ ಅಣುವಿನಲ್ಲಿ ಸಣ್ಣ ಬದಲಾವಣೆ ಮಾಡಿ ಅದು ಆಮ್ಲೀಯ ದ್ರವದಲ್ಲಿ ಮಾತ್ರ ಕರಗಿರುವಂತೆ ಮಾಡಿದ್ದಾರೆ. ಬಾಟಲಿಯಲ್ಲಿ ಅದು ನೀರಿನಷ್ಟು ತಿಳಿ. ಚರ್ಮದಡಿಯ ತಟಸ್ಥ ವಾತಾವರಣಕ್ಕೆ ಬಂದೊಡನೆ ಸಣ್ಣ ಹರಳುಗಳಾಗಿ ಕೂತು, ಅಲ್ಲಿಂದ ದಿನವಿಡೀ ಕರಗುತ್ತಾ ಹೋಗುತ್ತದೆ. ಇದೇ ಕಾರಣಕ್ಕೆ ಗ್ಲಾರ್ಜಿನ್ನನ್ನು ಬೇರಾವ ಇನ್ಸುಲಿನ್ನಿನೊಂದಿಗೂ ಒಂದೇ ಸಿರಿಂಜಿನಲ್ಲಿ ಬೆರೆಸುವಂತಿಲ್ಲ. ಪ್ರಭಾವ ಎರಡರಿಂದ ನಾಲ್ಕು ಗಂಟೆಗಳಲ್ಲಿ ಶುರುವಾಗಿ, ಹೇಳಿಕೊಳ್ಳುವಂಥ ತುದಿಯಿಲ್ಲದೆ, ಸುಮಾರು ಇಪ್ಪತ್ತನಾಲ್ಕು ಗಂಟೆ ಉಳಿಯುತ್ತದೆ. ಕೆಲವರಲ್ಲಿ ಇಪ್ಪತ್ತಕ್ಕೇ ಮುಗಿಯುವುದುಂಟು. ಅಂಥವರಿಗೆ ಚುಚ್ಚುವ ಹೊತ್ತಿನ ಹಿಂದಿನ ಮೂರುನಾಲ್ಕು ಗಂಟೆ ಸಕ್ಕರೆ ಮೇಲೇರುತ್ತದೆ.

ಲ್ಯಾಂಟಸ್ ಹೆಸರಿನಲ್ಲಿ ಇದಕ್ಕೆ ಅಮೆರಿಕದಲ್ಲಿ 2000ದಲ್ಲಿ ಮಂಜೂರಾತಿ ದೊರೆಯಿತು. ನಮ್ಮವರಿಗೆ ಹೆಚ್ಚು ಹತ್ತಿರದ ಸಂಗತಿ ಬೆಂಗಳೂರಿನದು: ಬಯೋಕಾನ್ ಕಂಪನಿ 2009ರಲ್ಲಿ ಬೇಸಲಾಗ್ ಎಂಬ ಗ್ಲಾರ್ಜಿನ್ನನ್ನು ಭಾರತದ ಮಾರುಕಟ್ಟೆಗೆ ತಂದಿತು, ಅದೇ ಕಂಪನಿಯ ಪಾಲುದಾರಿಕೆಯ ಸೆಮ್‌ಗ್ಲೀ ಎಂಬ ಗ್ಲಾರ್ಜಿನ್ನಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲಿ ಲ್ಯಾಂಟಸ್‌ಗೆ ಬದಲಾಗಿ ಅಂಗಡಿಯಲ್ಲೇ ಕೊಡಬಹುದಾದ ಮೊದಲ ಇನ್ಸುಲಿನ್ ಎಂಬ ಮಾನ್ಯತೆ ನೀಡಿತು. ವಾಕ್‌ಹಾರ್ಟ್‌ನ ಗ್ಲಾರಿಟಸ್ ಕೂಡ ಇದೇ ಔಷಧ. ದೇಶೀ ಕಂಪನಿಯ ಗ್ಲಾರ್ಜಿನ್ ಕೀಳೆಂಬ ಶಂಕೆಗೆ ಹೀಗಾಗಿ ಹೆಚ್ಚಿನ ಆಧಾರವಿಲ್ಲ. ಹೆಸರು ಬದಲಾಯಿಸಿದ ಮೊದಲ ವಾರ ನಾಲ್ಕು ಸಲ ಹೆಚ್ಚಾಗಿ ಪರೀಕ್ಷಿಸಿದರೆ ಸಾಕು. ಭಾರತದ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಗೆ 2022ರಲ್ಲಿ ಗ್ಲಾರ್ಜಿನ್ ಸೇರಿದೆ. ಇದು ಕ್ಯಾನ್ಸರ್ ತರುತ್ತದೆಯೇ ಎಂಬ ಹೆದರಿಕೆ ಒಮ್ಮೆ ಹಬ್ಬಿತ್ತು; 12 ಸಾವಿರಕ್ಕೂ ಹೆಚ್ಚು ಜನರನ್ನು ಆರು ವರ್ಷಗಳಿಗಿಂತ ಹೆಚ್ಚು ಕಾಲ ಗಮನಿಸಿ 2012ರಲ್ಲಿ ಪ್ರಕಟವಾದ ಒರಿಜಿನ್ ಪ್ರಯೋಗದಲ್ಲಿ ಕ್ಯಾನ್ಸರ್ ಹೆಚ್ಚಾದದ್ದು ಕಾಣಲಿಲ್ಲ, ಹೃದಯಕ್ಕೆ ಹಾನಿಯೂ ಕಾಣಲಿಲ್ಲ.

ತಿಳಿಯಾಗಿರುವುದೇ ಇದರ ಒಂದು ಅಪಾಯ. ಊಟಕ್ಕೆ ಮುನ್ನ ಕೊಡುವ ವೇಗದ ಇನ್ಸುಲಿನ್ ಕೂಡ ತಿಳಿಯಾದದ್ದೇ. ಎರಡನ್ನೂ ಬಳಸುವವರು ಕಣ್ಣು ಮಂಜಾದ ವಯಸ್ಸಿನಲ್ಲಿ, ಮಂದ ದೀಪದಲ್ಲಿ, ರಾತ್ರಿಯ 20 ಯೂನಿಟ್ಟನ್ನು ತಪ್ಪು ಪೆನ್ನಿನಿಂದ (ಇನ್ಸುಲಿನ್ ತುಂಬಿದ, ಪೆನ್ನಿನಾಕಾರದ ಚುಚ್ಚುವ ಸಾಧನ) ಚುಚ್ಚಿಕೊಂಡರೆ ಅದು ತುರ್ತು ಪರಿಸ್ಥಿತಿ. ಬೇಸಲ್ ಪೆನ್ನಿಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿ, ಅದನ್ನು ಬೇರೆ ಕೋಣೆಯಲ್ಲಿಡುವುದು ಸುಲಭವಾದ ಉಪಾಯ.

ಇದರದ್ದೇ ಮೂರು ಪಟ್ಟು ಸಾಂದ್ರ ರೂಪ ಟೂಜಿಯೊ, ಒಂದು ಎಂಎಲ್‌ನಲ್ಲಿ 300 ಯೂನಿಟ್. ಚರ್ಮದಡಿ ಚಿಕ್ಕ ಗುಡ್ಡೆಯಾಗಿ ಕೂರುವುದರಿಂದ ಇನ್ನೂ ನಿಧಾನವಾಗಿ, ಇಪ್ಪತ್ತನಾಲ್ಕು ಗಂಟೆ ಮೀರಿ ಕೆಲಸ ಮಾಡುತ್ತದೆ, ರಾತ್ರಿಯ ಕುಸಿತ ಸಾಮಾನ್ಯ ಗ್ಲಾರ್ಜಿನ್ನಿಗಿಂತ ಕಡಿಮೆ. ಆದರೆ ಅದೇ ಫಲಕ್ಕೆ ಸುಮಾರು 10ರಿಂದ 18 ಶೇಕಡ ಹೆಚ್ಚು ಯೂನಿಟ್ ಬೇಕಾಗುತ್ತದೆ, ಬೆಲೆ ಹೋಲಿಸುವಾಗ ಇದನ್ನು ಲೆಕ್ಕಕ್ಕೆ ಹಿಡಿಯಬೇಕು. ಈ ಪೆನ್ನಿನಿಂದ ಸಿರಿಂಜಿಗೆ ಎಳೆದು ಚುಚ್ಚುವ ಸಾಹಸವನ್ನು ಎಂದಿಗೂ ಮಾಡಬಾರದು. ಮೂರು ಪಟ್ಟು ಡೋಸ್ ಹೋಗುತ್ತದೆ.

ಡೆಟೆಮಿರ್, ಡೆಗ್ಲುಡೆಕ್, ವಾರಕ್ಕೊಂದು

ಡೆಟೆಮಿರ್, ಅಂದರೆ ಲೆವೆಮಿರ್, ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ನಿಧಾನವಾಗುವ ಇನ್ಸುಲಿನ್. ಹಲವರಿಗೆ ದಿನಕ್ಕೆರಡು ಸಲ ಬೇಕಾಗುತ್ತದೆ. ತಯಾರಿಸುವ ಕಂಪನಿಯೇ ಅಮೆರಿಕದಲ್ಲಿ 2024ರ ಕೊನೆಗೆ ಇದರ ಮಾರಾಟ ನಿಲ್ಲಿಸಿದ್ದರಿಂದ, ಹೊಸದಾಗಿ ಆರಂಭಿಸುವವರು ಇದನ್ನು ಹುಡುಕಿಕೊಂಡು ಹೋಗಲು ನನಗೆ ಕಾರಣ ಕಾಣುವುದಿಲ್ಲ.

ಡೆಗ್ಲುಡೆಕ್ ಬೇರೆಯೇ ದರ್ಜೆಯದು. ಟ್ರೆಸಿಬಾ ಎಂಬ ಹೆಸರಿನ ಈ ಇನ್ಸುಲಿನ್ನಿನ ಅಣುಗಳು ಚರ್ಮದಡಿ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಉದ್ದನೆಯ ಸರಪಳಿಯಾಗುತ್ತವೆ, ಸರಪಳಿಯ ತುದಿಯಿಂದ ಒಂದೊಂದೇ ಕಳಚಿ ರಕ್ತ ಸೇರುತ್ತವೆ. ಪ್ರಭಾವ 42 ಗಂಟೆಗೂ ಹೆಚ್ಚು. ಹೀಗಾಗಿ ವಯಸ್ಕರು ಒಂದು ದಿನ ರಾತ್ರಿ ಒಂಬತ್ತಕ್ಕೆ, ಇನ್ನೊಂದು ದಿನ ಹನ್ನೆರಡಕ್ಕೆ ಚುಚ್ಚಿಕೊಂಡರೂ ದೊಡ್ಡ ವ್ಯತ್ಯಾಸವಾಗುವುದಿಲ್ಲ; ಎರಡು ಡೋಸ್‌ಗಳ ನಡುವೆ ಕನಿಷ್ಠ ಎಂಟು ಗಂಟೆ ಇರಬೇಕು, ಅಷ್ಟೇ. ಪಾಳಿಯ ಮೇಲೆ ಕಾರ್ಖಾನೆಗೆ ಹೋಗುವವರಿಗೆ, ಕೆಎಸ್‌ಆರ್‌ಟಿಸಿ ರಾತ್ರಿ ಬಸ್ಸು ಓಡಿಸುವ ಚಾಲಕರಿಗೆ ಇದು ನಿಜವಾದ ಅನುಕೂಲ. ಹೃದ್ರೋಗದ ಅಪಾಯವಿದ್ದ 7,637 ಜನರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಡಿವೋಟ್ ಪ್ರಯೋಗದಲ್ಲಿ, ಬೇರೆಯವರ ನೆರವು ಬೇಕಾಗುವಷ್ಟು ಗಂಭೀರವಾದ ಸಕ್ಕರೆ ಕುಸಿತದ ಪ್ರಮಾಣ ಗ್ಲಾರ್ಜಿನ್ ಪಡೆದವರಿಗಿಂತ ಡೆಗ್ಲುಡೆಕ್ ಪಡೆದವರಲ್ಲಿ ಶೇಕಡ 40ರಷ್ಟು ಕಡಿಮೆಯಿತ್ತು.

ನಿಧಾನಕ್ಕೆ ಒಂದು ಬೆಲೆ ತೆರಬೇಕು. ಡೋಸ್ ಬದಲಾಯಿಸಿದರೆ ಅದರ ಪೂರ್ಣ ಪರಿಣಾಮ ಕಾಣಲು ಮೂರು ನಾಲ್ಕು ದಿನ ಬೇಕು; ನಿನ್ನೆ ಹೆಚ್ಚಿಸಿ ಇಂದು ಇಳಿಯಲಿಲ್ಲವೆಂದು ಮತ್ತೆ ಹೆಚ್ಚಿಸಿದವರು ನಾಲ್ಕನೆಯ ದಿನ ಕುಸಿಯುತ್ತಾರೆ. ಅಮ್ಮ ಇದನ್ನು ಎಂಟು ತಿಂಗಳು ಬಳಸಿದರು. ಅಂಕಿಗಳು ಚೆನ್ನಾಗಿದ್ದವು, ಆದರೆ ಗ್ಲಾರ್ಜಿನ್ನಿನಲ್ಲೂ ಅವು ಹೆಚ್ಚುಕಡಿಮೆ ಹಾಗೆಯೇ ಇದ್ದವು. ಹಾಸನದಿಂದ ತರಿಸಬೇಕಾಗಿದ್ದ ಪೆನ್ನು ಎರಡು ಸಲ ಸಮಯಕ್ಕೆ ಸಿಗದೆ ನಾಲ್ಕು ದಿನ ಖಾಲಿ ಕೂತದ್ದಾದ ಮೇಲೆ ವೈದ್ಯರ ಒಪ್ಪಿಗೆ ಪಡೆದು ಗ್ಲಾರ್ಜಿನ್ನಿಗೇ ಮರಳಿದೆವು. ನನಗೆ ಈಗಲೂ ಅದು ಹಿಂದಡಿಯೆನಿಸಿಲ್ಲ.

ವಾರಕ್ಕೆ ಒಂದೇ ಸಲ ಚುಚ್ಚುವ ಐಕೊಡೆಕ್‌ಗೆ ಯುರೋಪಿನ ಒಕ್ಕೂಟ 2024ರಲ್ಲಿ ಮಂಜೂರಾತಿ ನೀಡಿದೆ. ಟೈಪ್ 2ರಲ್ಲಿ ಫಲ ಚೆನ್ನಾಗಿದ್ದರೂ ಟೈಪ್ 1ರ ಪ್ರಯೋಗದಲ್ಲಿ ಕುಸಿತಗಳು ಡೆಗ್ಲುಡೆಕ್‌ಗಿಂತ ಹೆಚ್ಚು ಕಂಡವು. ಒಮ್ಮೆ ಒಳಹೋದ ಡೋಸನ್ನು ವಾರದ ನಡುವೆ ಹಿಂಪಡೆಯಲಾಗದು ಎಂಬುದನ್ನು ಇದರ ಬಗ್ಗೆ ಆಸೆಪಡುವವರು ನೆನಪಿಡಬೇಕು.

ಬಾಟಲಿ, ಸಿರಿಂಜ್, ಪೆನ್ನು

ಯಾವ ಇನ್ಸುಲಿನ್ ಎಂಬಷ್ಟೇ ಮುಖ್ಯ ಯಾವ ಸಿರಿಂಜ್ ಎಂಬುದು. ನಮ್ಮ ದೇಶದಲ್ಲಿ ಮಾನವ ಇನ್ಸುಲಿನ್ನಿನ ಬಾಟಲಿಗಳು ಹೆಚ್ಚಾಗಿ ಎಂಎಲ್‌ಗೆ 40 ಯೂನಿಟ್ಟಿನವು. ಪೆನ್ನು, ಕಾರ್ಟ್ರಿಜ್‌ಗಳು 100 ಯೂನಿಟ್ಟಿನವು. 40ರ ಸಿರಿಂಜಿಗೆ ಕೆಂಪು ಟೋಪಿ, 100ರ ಸಿರಿಂಜಿಗೆ ಕಿತ್ತಳೆ ಬಣ್ಣದ್ದು. ಮಾತ್ರೆಯಂಗಡಿಯೊಂದರಲ್ಲಿ ಒಮ್ಮೆ ನಮಗೆ 40ರ ಬಾಟಲಿಯ ಜೊತೆ ಕಿತ್ತಳೆ ಟೋಪಿಯ ಸಿರಿಂಜುಗಳನ್ನು ಕೊಟ್ಟರು, ನಾವೂ ನೋಡದೆ ತಂದೆವು. ಅದರಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು 0.2 ಎಂಎಲ್, ಎಂದರೆ ಕೇವಲ 8 ಯೂನಿಟ್. ಹತ್ತು ದಿನ ಫಾಸ್ಟಿಂಗ್ 220ರ ಆಚೆಯೇ ನಿಂತಿತ್ತು, ನಾವು ಹಲಸಿನ ಹಣ್ಣನ್ನು ದೂರುತ್ತಿದ್ದೆವು. ಇದರ ತಿರುವುಮುರುವು ಇನ್ನೂ ಭಯಂಕರ: 100ರ ಬಾಟಲಿಯಿಂದ ಕೆಂಪು ಟೋಪಿಯ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ 50 ಯೂನಿಟ್ ಹೋಗುತ್ತದೆ.

ಬೆಲೆಯನ್ನು ಡಬ್ಬಿಯ ಲೆಕ್ಕದಲ್ಲಿ ಹೋಲಿಸಬೇಡಿ, ಯೂನಿಟ್ಟಿನ ಲೆಕ್ಕದಲ್ಲಿ ಹೋಲಿಸಿ. 10 ಎಂಎಲ್‌ನ 40ರ ಬಾಟಲಿಯಲ್ಲಿ 400 ಯೂನಿಟ್, 3 ಎಂಎಲ್‌ನ 100ರ ಪೆನ್ನಿನಲ್ಲಿ 300, ಟೂಜಿಯೊದ ಒಂದೂವರೆ ಎಂಎಲ್ ಪೆನ್ನಿನಲ್ಲಿ 450. ಪೆನ್ನಿನಲ್ಲಿ ಪ್ರತಿ ಸಲ ಗಾಳಿ ತೆಗೆಯಲು 2 ಯೂನಿಟ್ ಚಿಮ್ಮಿಸಬೇಕಾದ್ದರಿಂದ ತಿಂಗಳಿಗೆ 60 ಯೂನಿಟ್, ಪೆನ್ನಿನ ಐದನೆಯ ಒಂದು ಭಾಗ, ಹೀಗೆಯೇ ಹೋಗುತ್ತದೆ. ತೆರೆದ ಲ್ಯಾಂಟಸ್ ಪೆನ್ನನ್ನು 28 ದಿನದೊಳಗೆ ಮುಗಿಸಬೇಕು, ಟ್ರೆಸಿಬಾ 56 ದಿನ ತಡೆಯುತ್ತದೆ. ದಿನಕ್ಕೆ ಕೇವಲ 6 ಯೂನಿಟ್ ಬೇಕಿರುವ ಅಜ್ಜಿಯೊಬ್ಬರು 28 ದಿನದಲ್ಲಿ ಚಿಮ್ಮಿಸಿದ್ದೂ ಸೇರಿ 224 ಯೂನಿಟ್ ಬಳಸಿ 76 ಯೂನಿಟ್ಟನ್ನು ಎಸೆಯುತ್ತಾರೆ. ಅಂಥವರಿಗೆ ದುಬಾರಿ ಕಾಣುವ, ಆದರೆ ಹೆಚ್ಚು ದಿನ ತಡೆಯುವ ಟ್ರೆಸಿಬಾ ಪೆನ್ನು ಅಷ್ಟು ದುಬಾರಿಯಲ್ಲದಿರಬಹುದು.

ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು, ಫ್ರಿಜ್ಜಿನ ಬಾಗಿಲು ಅಥವಾ ತರಕಾರಿ ಅಂಕಣದಲ್ಲಿ; ಒಮ್ಮೆ ಹೆಪ್ಪುಗಟ್ಟಿದ್ದನ್ನು ಕರಗಿಸಿ ಬಳಸುವಂತಿಲ್ಲ. ತೆರೆದದ್ದು ಕೋಣೆಯ ತಾಪದಲ್ಲಿರಬಹುದು, ಆದರೆ ರಾಯಚೂರು, ಕಲಬುರಗಿಯ ಏಪ್ರಿಲ್ ತಿಂಗಳ ಕೋಣೆಯನ್ನು ಕೋಣೆಯ ತಾಪ ಎಂದು ಕರೆಯಲಾಗದು. ಕರೆಂಟಿಲ್ಲದ ಕಡೆ ದೊಡ್ಡ ಮಡಕೆಯಲ್ಲಿ ಒದ್ದೆ ಮರಳು ತುಂಬಿ, ನಡುವೆ ಸಣ್ಣ ಮಡಕೆಯಿಟ್ಟು, ಅದರಲ್ಲಿ ಬಾಟಲಿಯನ್ನು ನೀರು ತಾಗದಂತೆ ಇಡುವ ಪದ್ಧತಿ ನಿಜಕ್ಕೂ ಕೆಲಸ ಮಾಡುತ್ತದೆ.

ಯಾರ ಮನೆಗೆ ಯಾವುದು

ಬೆಲೆ ದೊಡ್ಡ ಅಡ್ಡಿಯಾಗಿದ್ದು, ರಾತ್ರಿಯ ಊಟ ತಡವಾಗಿದ್ದು, ಮೂರು ಗಂಟೆಯ ಪರೀಕ್ಷೆಯಲ್ಲಿ ಅಂಕಿ 100ರ ಮೇಲೆಯೇ ನಿಲ್ಲುತ್ತಿದ್ದರೆ ಎನ್‌ಪಿಎಚ್ ಸಾಕು. ಮೂರು ಗಂಟೆಗೆ 70ರ ಹತ್ತಿರ ಸುಳಿಯುತ್ತಿದ್ದರೆ, ಒಬ್ಬಂಟಿಯಾಗಿ ಮಲಗುವವರಾದರೆ, ಏಕಾದಶಿ, ಶಿವರಾತ್ರಿ ಎಂದು ಉಪವಾಸ ಬಿಡದವರಾದರೆ ಗ್ಲಾರ್ಜಿನ್ ಕೇಳುವುದು ನ್ಯಾಯ. ಹೆಚ್ಚಿನ ಮನೆಗಳಿಗೆ ನನ್ನ ಮೊದಲ ಮತ ಅದಕ್ಕೇ. ಗ್ಲಾರ್ಜಿನ್ನಿನಲ್ಲೂ ರಾತ್ರಿ ಕುಸಿಯುವವರು, ಹಿಂದೆ ಪ್ರಜ್ಞೆ ತಪ್ಪಿದವರು, ಹೊತ್ತುಗೊತ್ತಿಲ್ಲದ ದುಡಿಮೆಯವರು ಡೆಗ್ಲುಡೆಕ್ ಅಥವಾ ಟೂಜಿಯೊಗೆ ಹಣ ಕೊಡುವುದರಲ್ಲಿ ಅರ್ಥವಿದೆ. ಮೂತ್ರಪಿಂಡ ದುರ್ಬಲವಾದವರಲ್ಲಿ ಯಾವುದೇ ಇನ್ಸುಲಿನ್ ಹೆಚ್ಚು ಹೊತ್ತು ಉಳಿಯುವುದರಿಂದ, ಹೆಸರು ಯಾವುದೇ ಇರಲಿ, ಡೋಸ್ ಇಳಿಸಬೇಕಾಗುತ್ತದೆ.

ಡೋಸ್ ಎಷ್ಟು ಏರಿಸಿದರೂ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಇಳಿಯದಿದ್ದಾಗ ಇನ್ಸುಲಿನ್ನಿನ ಹೆಸರು ಬದಲಾಯಿಸುವ ಮುನ್ನ ಎರಡನ್ನು ನೋಡಬೇಕು. ಒಂದು, ಹೊಟ್ಟೆಯ ಮೇಲೆ ದಿನವೂ ಒಂದೇ ಜಾಗದಲ್ಲಿ ಚುಚ್ಚಿ ಅಲ್ಲಿ ಕೊಬ್ಬಿನ ಗಂಟು ಕಟ್ಟಿದೆಯೇ ಎಂದು ಬೆರಳಿನಿಂದ ಒತ್ತಿ ನೋಡಿ. ಗಂಟಿನೊಳಗೆ ಹೋದ ಇನ್ಸುಲಿನ್ ಯಾವುದೇ ಕಂಪನಿಯದಾದರೂ ಸರಿಯಾಗಿ ರಕ್ತ ಸೇರುವುದಿಲ್ಲ. ಎರಡು, ಡೋಸ್ ಕೆಜಿಗೆ ಅರ್ಧ ಯೂನಿಟ್ ದಾಟಿದ್ದು, ಫಾಸ್ಟಿಂಗ್ ಚೆನ್ನಾಗಿದ್ದರೂ ಊಟದ ನಂತರ ಏರುತ್ತಿದ್ದರೆ, ಕೊರತೆಯಿರುವುದು ಬೇಸಲ್‌ನಲ್ಲಿ ಅಲ್ಲ, ಊಟದ ಲೆಕ್ಕದಲ್ಲಿ.

ಒಂದರಿಂದ ಇನ್ನೊಂದಕ್ಕೆ ಬದಲಾಗುವಾಗ ಯೂನಿಟ್ಟುಗಳು ಹಾಗೆಯೇ ಹೊಂದುವುದಿಲ್ಲ. ದಿನಕ್ಕೆರಡು ಸಲ ಎನ್‌ಪಿಎಚ್ ಪಡೆಯುತ್ತಿದ್ದವರು ಗ್ಲಾರ್ಜಿನ್ನಿಗೆ ಬಂದಾಗ, ಟೂಜಿಯೊದಿಂದ ಸಾಮಾನ್ಯ ಗ್ಲಾರ್ಜಿನ್ನಿಗೆ ಬಂದಾಗ, ಒಟ್ಟು ಡೋಸನ್ನು ಸುಮಾರು ಶೇಕಡ 20ರಷ್ಟು ಇಳಿಸಿ ಆರಂಭಿಸುವುದು ರೂಢಿ. ಈ ಮಾತನ್ನು ವೈದ್ಯರ ಬಾಯಿಂದ ಕೇಳಿ, ಚೀಟಿಯ ಮೇಲೆ ಬರೆಸಿಕೊಂಡು ಬನ್ನಿ. ಬದಲಾಯಿಸಿದ ಮೊದಲ ಮೂರು ರಾತ್ರಿ ಗಡಿಯಾರಕ್ಕೆ ಮೂರು ಗಂಟೆಯ ಅಲಾರಂ ಇಟ್ಟು, ದಿಂಬಿನ ಪಕ್ಕ ಗ್ಲುಕೋಮೀಟರನ್ನೂ ಸಕ್ಕರೆಯ ಡಬ್ಬಿಯನ್ನೂ ಇಟ್ಟುಕೊಂಡು ಮಲಗಿ.